ತೆರೆ ಬಿದ್ದ ಮೇಲೆ ಉಳಿಯುವುದೇನು?

(ಉಪನ್ಯಾಸವೊಂದರ ಬರಹರೂಪ)

ಹೆಸರಾಂತ ಕಲಾವಿದರೊಬ್ಬರು ತೀರಿಕೊಂಡ ಮರುದಿನ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸುವ ಮಾತೊಂದಿದೆ: 'ತುಂಬಲಾರದ ನಷ್ಟ'. ಅದರ ಹಿಂದೆಯೇ ಗಣ್ಯರ ಸಂತಾಪ, ಹಳೆಯ ಭಾವಚಿತ್ರ, ಅಂತಿಮ ದರ್ಶನಕ್ಕೆ ನೆರೆದ ಜನಸಾಗರ, ಸರ್ಕಾರಿ ಗೌರವ, ರಸ್ತೆಗೊಂದು ಹೆಸರಿಡಬೇಕೆಂಬ ಬೇಡಿಕೆ. ಎಲ್ಲವೂ ಮೂರು ದಿನಗಳಲ್ಲಿ ಮುಗಿದುಹೋಗುತ್ತವೆ. ಬದುಕಿದ್ದಾಗ ತಿರುಗಿ ನೋಡದವರೂ ಆಗ ಗುಣಗಾನ ಮಾಡುತ್ತಾರೆ. 'ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲು' ಎಂಬ ಗಾದೆ ಇಂಥದ್ದನ್ನು ಕಂಡೇ ಹುಟ್ಟಿರಬೇಕು. ಆದರೆ ನಾಲ್ಕನೆಯ ದಿನದಿಂದ ಏನಾಗುತ್ತದೆ? ಹತ್ತು ವರ್ಷಗಳ ನಂತರ ಏನು ಉಳಿದಿರುತ್ತದೆ? ಉಳಿದದ್ದು ಯಾರಿಂದ ಉಳಿಯಿತು? ಈ ಉಪನ್ಯಾಸದ ವಿಷಯ ಅದು.

ಕವಿ ತೀರಿಕೊಂಡರೆ ಪುಸ್ತಕ ಉಳಿಯುತ್ತದೆ. ಶಿಲ್ಪಿ ತೀರಿಕೊಂಡರೆ ಕಲ್ಲು, ಚಿತ್ರಕಾರ ತೀರಿಕೊಂಡರೆ ಚಿತ್ರ ಉಳಿಯುತ್ತದೆ. ಗಾಯಕ, ನಟ, ನರ್ತಕಿಯರ ಪಾಡು ಬೇರೆ. ಅವರ ಕಲೆಗೆ ಸಾಮಗ್ರಿಯೇ ಉಸಿರು ಮತ್ತು ಮೈ. ಉಸಿರು ನಿಂತ ಗಳಿಗೆಯಲ್ಲಿ ಸಾಮಗ್ರಿಯೂ ಹೋಯಿತು, ಕೃತಿಯೂ ಹೋಯಿತು. ರಾತ್ರಿಯಿಡೀ ಸಾವಿರ ಜನರನ್ನು ಅಳಿಸಿ ನಗಿಸಿದ ನಟನ ಅಭಿನಯ ಬೆಳಗಾಗುವಷ್ಟರಲ್ಲಿ ನೋಡಿದವರ ಮನಸ್ಸಿನಲ್ಲಷ್ಟೇ ಇರುತ್ತದೆ. ನೋಡಿದವರೂ ಒಬ್ಬೊಬ್ಬರಾಗಿ ಹೋದ ಮೇಲೆ ಅದೂ ಇಲ್ಲ. ಆದ್ದರಿಂದ ರಂಜಕರ, ಕಲಾವಿದರ ನೆನಪು ತಾನಾಗಿ ಉಳಿಯುವಂಥದ್ದಲ್ಲ. ಅದನ್ನು ಯಾರಾದರೂ ದುಡಿದು ಉಳಿಸಬೇಕು.

ಕಲ್ಲು ಮತ್ತು ಏರ್ಪಾಡು

ಸತ್ತವರನ್ನು ನೆನೆಯುವ ವಿಷಯದಲ್ಲಿ ಕನ್ನಡ ನಾಡು ಹಿಂದೆ ಬಿದ್ದದ್ದಲ್ಲ. ಊರೂರಿನಲ್ಲಿ ವೀರಗಲ್ಲುಗಳಿವೆ, ಮಾಸ್ತಿಗಲ್ಲುಗಳಿವೆ, ಜೈನರ ನಿಸಿದಿಗಲ್ಲುಗಳಿವೆ. ತುರು ಕಾಯುತ್ತ ಸತ್ತವನಿಗೂ ಕಲ್ಲು ನಿಂತಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಕ್ರಿ.ಶ. 949-50ರ ಶಾಸನವಂತೂ ಕಾಡುಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ಬೇಟೆನಾಯಿಯ ಸ್ಮರಣೆಯನ್ನೂ ಹೊತ್ತಿದೆ. ಆ ಕಲ್ಲನ್ನು ನಿಲ್ಲಿಸಿದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಲ್ಲಿನ ಪೂಜೆ ನಡೆಯಲೆಂದು ಭೂಮಿ ಬಿಟ್ಟುಕೊಟ್ಟರು. ಪೂಜೆ ಸಲ್ಲಿಸದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟುತ್ತದೆಂದು ಎಚ್ಚರಿಕೆಯನ್ನೂ ಕೆತ್ತಿಸಿದರು. ನೆನಪಿಗೆ ಕಲ್ಲೊಂದೇ ಸಾಲದು, ಅದನ್ನು ವರ್ಷವರ್ಷವೂ ನಡೆಸಿಕೊಂಡು ಹೋಗುವ ಏರ್ಪಾಡು ಬೇಕು ಎಂಬ ತಿಳಿವಳಿಕೆ ಹತ್ತನೆಯ ಶತಮಾನದಲ್ಲೇ ಇತ್ತು.

ಆದರೆ ಈ ಸಾವಿರಾರು ಕಲ್ಲುಗಳ ನಡುವೆ ಹಾಡಿದವರ, ಕುಣಿದವರ, ವೇಷ ಕಟ್ಟಿದವರ ಹೆಸರು ಹುಡುಕಿದರೆ ಸಿಗುವುದು ಅಲ್ಲೊಂದು ಇಲ್ಲೊಂದು. ಪಟ್ಟದಕಲ್ಲಿನ ಎಂಟನೆಯ ಶತಮಾನದ ಶಾಸನವೊಂದು 'ಅಚಲ' ಎಂಬ ನಟನನ್ನು ಕೊಂಡಾಡುತ್ತದೆ. ಅಂಥವು ಅಪರೂಪ. ಕತ್ತಿ ಹಿಡಿದು ಸತ್ತವನಿಗೆ ದೊರೆತ ಕಲ್ಲು ತಾಳ ಹಿಡಿದು ಸತ್ತವನಿಗೆ ದೊರೆಯಲಿಲ್ಲ.

ಬಸವಣ್ಣನವರಿಂದಾಗಿ ಕನ್ನಡಿಗರಿಗೆ ಚಿರಪರಿಚಿತವಾದ ಎರಡು ಮಾತುಗಳಿವೆ: ಸ್ಥಾವರ, ಜಂಗಮ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಸ್ಮಾರಕಗಳಲ್ಲಿಯೂ ಈ ಎರಡು ಬಗೆ ಇವೆ. ಪ್ರತಿಮೆ, ಫಲಕ, ರಸ್ತೆಯ ಹೆಸರು, ಅಂಚೆಚೀಟಿ ಇವು ಸ್ಥಾವರ. ವರ್ಷಕ್ಕೊಮ್ಮೆ ನಡೆಯುವ ಸಂಗೀತೋತ್ಸವ, ದಿನವೂ ತೆರೆಯೇಳುವ ರಂಗಮಂದಿರ, ಶಿಷ್ಯನ ಕಂಠದಲ್ಲಿ ಉಳಿದ ಗುರುವಿನ ಗಾಯನ ಇವು ಜಂಗಮ. ಮೊದಲನೆಯದಕ್ಕೆ ಹಣ ಸಾಕು. ಎರಡನೆಯದಕ್ಕೆ ಮನುಷ್ಯರು ಬೇಕು. ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾದೀತು.

ನಾಗರತ್ನಮ್ಮನವರ ಹಟ

ಸಂತ ತ್ಯಾಗರಾಜರು ತಂಜಾವೂರು ಸೀಮೆಯ ತಿರುವಯ್ಯಾರಿನಲ್ಲಿ ದೇಹ ಬಿಟ್ಟದ್ದು 1847ರ ಜನವರಿಯಲ್ಲಿ. ಕಾವೇರಿಯ ದಂಡೆಯಲ್ಲಿ ಅವರ ಸಮಾಧಿಯಾಯಿತು. ಶಿಷ್ಯರು ಗುರುವಿನ ಕೃತಿಗಳನ್ನು ಕಂಠದಲ್ಲಿ ಹೊತ್ತು ನಾಡಿನಾದ್ಯಂತ ಹರಡಿದರು. ಕೃತಿಗಳು ಬೆಳಗಿದವು, ಸಮಾಧಿ ಮಾತ್ರ ಹಾಳು ಬಿತ್ತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಲ್ಲಿ ಆರಾಧನೆ ನಡೆಸುವ ಸಂಗೀತಗಾರರ ಎರಡು ಬಣಗಳೇನೋ ಇದ್ದವು. ಆದರೆ ಸಮಾಧಿ ಸ್ಥಳವನ್ನು ಜೋಪಾನ ಮಾಡುವವರಿರಲಿಲ್ಲ.

ಆ ಕೆಲಸಕ್ಕೆ ಕೈಹಾಕಿದವರು ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ, ದೇವದಾಸಿ ಮನೆತನಕ್ಕೆ ಸೇರಿದ ಬೆಂಗಳೂರು ನಾಗರತ್ನಮ್ಮ. ಸಂಸ್ಕೃತ, ಸಂಗೀತ, ನೃತ್ಯಗಳಲ್ಲಿ ಪಳಗಿ, ಮೈಸೂರು-ಬೆಂಗಳೂರುಗಳಲ್ಲಿ ಹೆಸರು ಮಾಡಿ, ಮದರಾಸಿಗೆ ಹೋಗಿ ನೆಲೆಸಿದ್ದ ಅವರು ಆಗಿನ ಬಲು ಬೇಡಿಕೆಯ ಗಾಯಕಿ. ತ್ಯಾಗರಾಜರ ಸಮಾಧಿಯ ದುಃಸ್ಥಿತಿಯ ಸಂಗತಿ ಅವರಿಗೆ ತಲುಪಿದ್ದು ಮೈಸೂರಿನ ಹಿರಿಯ ಗಾಯಕ ಬಿಡಾರಂ ಕೃಷ್ಣಪ್ಪನವರ ಕಾಗದದ ಮೂಲಕ. ನಾಗರತ್ನಮ್ಮ ತಮ್ಮ ಗಳಿಕೆಯನ್ನು ಸುರಿದು ಸಮಾಧಿಯ ಸುತ್ತಲಿನ ಜಾಗ ಪಡೆದರು. 1921ರಲ್ಲಿ ಗುಡಿಗೆ ಅಡಿಗಲ್ಲು ಬಿತ್ತು. 1925ರಲ್ಲಿ ಪ್ರತಿಷ್ಠೆ ನೆರವೇರಿತು.

ಇಷ್ಟಾದರೂ ಆ ಗುಡಿಯೆದುರು ಹಾಡುವ ಹಕ್ಕು ಅದನ್ನು ಕಟ್ಟಿಸಿದಾಕೆಗೇ ಇರಲಿಲ್ಲ! ಹೆಂಗಸರು ಆರಾಧನೆಯಲ್ಲಿ ಹಾಡಬಾರದೆಂಬುದು ಆಗಿನ ಕಟ್ಟು. ನಾಗರತ್ನಮ್ಮ ಜಗಳಕ್ಕೂ ಅಂಜಲಿಲ್ಲ, ಬಿಟ್ಟೂ ಕೊಡಲಿಲ್ಲ. 1927ರಲ್ಲಿ ಹೆಂಗಸರದೇ ಒಂದು ಬಣ ಕಟ್ಟಿ, ಅದೇ ಆವರಣದಲ್ಲಿ ಬೇರೆಯಾಗಿಯೇ ಆರಾಧನೆ ಆರಂಭಿಸಿದರು. ವರ್ಷಗಳ ಎಳೆದಾಟದ ನಂತರ 1941ರ ಹೊತ್ತಿಗೆ ಬಣಗಳೆಲ್ಲ ಒಂದಾದವು. ಗಂಡು ಹೆಣ್ಣೆನ್ನದೆ ಎಲ್ಲರೂ ಹಾಡುವ ಆರಾಧನೆ ನೆಲೆಗೊಂಡಿತು. ಇಂದು ಪುಷ್ಯ ಬಹುಳ ಪಂಚಮಿಯಂದು ನೂರಾರು ಕಂಠಗಳು ಒಟ್ಟಾಗಿ ಪಂಚರತ್ನ ಕೃತಿಗಳನ್ನು ಹಾಡುವ ದೃಶ್ಯವನ್ನು ನೋಡುವವರು, ಅದರ ಹಿಂದೆ ಒಬ್ಬ ಹೆಣ್ಣುಮಗಳ ಒಡವೆ, ಹಣ, ಹಟ ಇವೆ ಎಂಬುದನ್ನು ಮರೆಯಲಾಗದು. ತಮ್ಮ ಆಸ್ತಿಯನ್ನೂ ಆ ಸನ್ನಿಧಿಗೇ ಬರೆದಿಟ್ಟು ನಾಗರತ್ನಮ್ಮ 1952ರಲ್ಲಿ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರ ಸ್ಮಾರಕವೂ ಇದೆ.

ಸ್ಥಾವರವನ್ನು ಕಟ್ಟಿದ್ದು ನಾಗರತ್ನಮ್ಮನವರ ಅರ್ಧ ಕೆಲಸ. ಅದರೊಳಕ್ಕೆ ಜಂಗಮವನ್ನು ತಂದದ್ದು ಇನ್ನರ್ಧ. ಎರಡನೆಯದೇ ಹೆಚ್ಚು ಕಷ್ಟದ ಕೆಲಸವಾಗಿತ್ತು.

ಕುಂದಗೋಳದ ಋಣ

ಅದೇ 1952ರಲ್ಲಿ ಇನ್ನೊಬ್ಬ ದೊಡ್ಡ ಸಂಗೀತಗಾರ ಕಣ್ಮುಚ್ಚಿದರು. ಅವರು ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು. ಮರಾಠಿ ರಂಗಭೂಮಿ ಅವರಿಗೆ ಕೊಟ್ಟ ಹೆಸರು ಸವಾಯಿ ಗಂಧರ್ವ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರಲ್ಲಿ ಕಲಿತ ಅವರಿಗೆ ಹುಟ್ಟಿನಿಂದ ಒಲಿದು ಬಂದ ಕಂಠವಲ್ಲ. ವರ್ಷಗಟ್ಟಲೆ ತಿದ್ದಿ ತೀಡಿ ಪಳಗಿಸಿದ ಕಂಠ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಅವರಲ್ಲಿ ಪಾಠ ಹೇಳಿಸಿಕೊಂಡವರು ಗಂಗೂಬಾಯಿ ಹಾನಗಲ್. ಗುರುವನ್ನು ಹುಡುಕುತ್ತ ಎಳವೆಯಲ್ಲಿಯೇ ಮನೆ ಬಿಟ್ಟು ಉತ್ತರ ಹಿಂದುಸ್ತಾನವೆಲ್ಲ ಅಲೆದು, ಕೊನೆಗೆ ತಮ್ಮ ಸೀಮೆಯ ಕುಂದಗೋಳದಲ್ಲಿಯೇ ಗುರುವನ್ನು ಕಂಡುಕೊಂಡವರು ಭೀಮಸೇನ ಜೋಶಿ.

ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಗುರುವಿನ ಪುಣ್ಯತಿಥಿಯ ಸಂಗೀತ ಸೇವೆ ಆರಂಭವಾಯಿತು. ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಭೀಮಸೇನ ಜೋಶಿ ಅದಕ್ಕೆ ಬೆನ್ನೆಲುಬಾದರು. ಸಣ್ಣದಾಗಿ ಶುರುವಾದದ್ದು ದೇಶದ ಅತಿ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಅತ್ತ ಕುಂದಗೋಳದಲ್ಲಿಯೂ ಊರಿನ ನಾಡಿಗೇರರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂತು. ಒಂದೆಡೆ ಮಹಾನಗರದ ವಿಶಾಲ ಚಪ್ಪರ, ಇನ್ನೊಂದೆಡೆ ಹಳೆಯ ವಾಡೆಯ ಅಂಗಳ. ಎರಡೂ ಕಡೆ ನೆನೆಯುವ ರೀತಿ ಒಂದೇ. ಸತ್ತವರ ಗುಣಗಾನದ ಭಾಷಣವಲ್ಲ, ಅವರು ಬಾಳೆಲ್ಲ ಮಾಡಿದ ಕೆಲಸವನ್ನೇ ಮತ್ತೆ ಮಾಡುವುದು.

ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. 2011ರ ಜನವರಿಯಲ್ಲಿ ಅವರು ತೀರಿಕೊಂಡರು. ಅನಂತರ ಪುಣೆಯ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿತು: ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ತಿರುವಯ್ಯಾರಿನಲ್ಲಿ ಆದದ್ದೇ ಇಲ್ಲಿಯೂ ಆಯಿತು. ಇನ್ನೊಬ್ಬರ ನೆನಪನ್ನು ಹೊತ್ತವರ ಹೆಸರು ಆ ನೆನಪಿನ ಪಕ್ಕದಲ್ಲಿಯೇ ನಿಲ್ಲುತ್ತದೆ.

ತಟ್ಟೆಯಲ್ಲಿ ಉಳಿದ ಹೆಸರು

ಹಾಗಾದರೆ ಶಿಷ್ಯರಿಲ್ಲದವರ, ಬಂಧುಬಳಗ ಜೊತೆಗಿಲ್ಲದವರ ಗತಿಯೇನು? ಮೈಸೂರಿನಲ್ಲಿ ಕೊನೆಯುಸಿರೆಳೆದ ಒಬ್ಬ ಗಾಯಕಿಯ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದರು. ಭಾರತದ ಸಂಗೀತವನ್ನು ತಟ್ಟೆಗಿಳಿಸುವುದು ಅವರ ಉದ್ದೇಶ. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಬೇಕಿತ್ತು. ಅದು ಬಿಂಕವಲ್ಲ, ಕಚೇರಿಯ ಅಗತ್ಯ. ಮುದ್ರಣದ ಅಚ್ಚುಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಎಂದು ಗುರುತಿಸಲು ಬೇರೆ ದಾರಿ ಇರಲಿಲ್ಲ. ಹೀಗೆ ಕಾರ್ಖಾನೆಯ ಅನುಕೂಲಕ್ಕೆಂದು ಹೇಳಿದ ಮಾತೇ ಆ ಗಾಯಕಿಯ ಶಾಶ್ವತ ಗುರುತಾಗಿಬಿಟ್ಟಿತು!

ಹತ್ತಾರು ಭಾಷೆಗಳಲ್ಲಿ ನೂರಾರು ತಟ್ಟೆಗಳಿಗೆ ಹಾಡಿದ ಗೌಹರ್ ಜಾನ್ ದೇಶದ ಮೊದಲ ಗ್ರಾಮಫೋನ್ ತಾರೆ. 1911ರ ದೆಹಲಿ ದರ್ಬಾರಿನಲ್ಲಿ ಹಾಡಿದವರು. ಕಡೆಗಾಲಕ್ಕೆ ಸಂಪತ್ತು ಕರಗಿತು, ಕೋರ್ಟು ವ್ಯಾಜ್ಯಗಳು ಹಣ್ಣು ಮಾಡಿದವು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡು ಆಶ್ರಯ ಕೊಟ್ಟರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಅವರು ತೀರಿಕೊಂಡರು. ದೇಶಕ್ಕೆಲ್ಲ ಹೆಸರು ಕೇಳಿಸಿದವರು ಕೊನೆಗೆ ಹೆಚ್ಚೇನೂ ಸದ್ದಿಲ್ಲದೆ ಹೋದರು.

ಹಾಗೆ ಹೋದವರ ಬಾಳಿನ ವಿವರ ಮತ್ತೆ ಬೆಳಕಿಗೆ ಬಂದದ್ದು ಹೇಗೆ? ಪ್ರತಿಮೆಯಿಂದಲ್ಲ. ಅರಮನೆಯ ಕಚೇರಿ ಕಾಗದಗಳಿಂದ. ಮೈಸೂರು ಸಂಸ್ಥಾನದ ಇತಿಹಾಸವನ್ನು ಅರಸುತ್ತಿದ್ದ ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಅವರಿಗೆ ಹಳೆಯ ಕಡತಗಳ ನಡುವೆ ಗೌಹರ್ ಜಾನ್ ಅವರಿಗೆ ಸಂಬಂಧಿಸಿದ ಪತ್ರಗಳು ಸಿಕ್ಕವು. ಅಲ್ಲಿಂದ ಹೊರಟ ಹುಡುಕಾಟ 2010ರಲ್ಲಿ ಒಂದು ಜೀವನಚರಿತ್ರೆಯಾಯಿತು. ಯಾವನೋ ಗುಮಾಸ್ತ ಕಡತವನ್ನು ಕ್ರಮವಾಗಿ ಕಟ್ಟಿಟ್ಟಿದ್ದ. ಯಾರೋ ಹವ್ಯಾಸಿಗಳು ಒಡೆದುಹೋಗುವ ಅರಗಿನ ತಟ್ಟೆಗಳನ್ನು ಜತನವಾಗಿ ಇಟ್ಟುಕೊಂಡಿದ್ದರು. ಹೆಸರು ಗೊತ್ತಿಲ್ಲದ ಇಂಥವರಿಂದಲೇ ಎಂಬತ್ತು ವರ್ಷಗಳ ಮೇಲೆ ಒಬ್ಬ ಕಲಾವಿದೆ ಹಿಂತಿರುಗಿದರು.

ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯವರ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. 1943ರ 'ಕಿಸ್ಮತ್' ಹಿಂದಿ ಚಿತ್ರದ ಹಾಡುಗಳಿಂದ ಮನೆಮಾತಾದ, 'ಕರ್ನಾಟಕಿ' ಎಂಬುದನ್ನು ಹೆಸರಿನಲ್ಲಿಯೇ ಹೊತ್ತು ನಡೆದ ಈ ಗಾಯಕಿ-ನಟಿ 1965ರಲ್ಲಿ ತೀರಿಕೊಂಡರು. ಹೊಸ ತಲೆಮಾರಿಗೆ ಅವರ ಬದುಕು ಕನ್ನಡದಲ್ಲಿ ವಿಸ್ತಾರವಾಗಿ ತಿಳಿದದ್ದು ದಶಕಗಳ ನಂತರ, ರಹಮತ್ ತರೀಕೆರೆಯವರು ಊರೂರು ಅಲೆದು ಬರೆದ ಜೀವನಚರಿತ್ರೆಯಿಂದ.

ಹೋದದ್ದು ಮರಳಿ ಬಾರದು

ಎಲ್ಲರಿಗೂ ಇಂಥ ಅದೃಷ್ಟವಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಕೊಲ್ಹಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಣ. ಕನ್ನಡಿಗರು ತೆರೆಯ ಮೇಲಿನ ಬಿಂಬ ಕನ್ನಡ ಮಾತಾಡಿದ್ದನ್ನು ಮೊದಲ ಸಲ ಕೇಳಿದ್ದು ಆಗ. ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರುವುದು ಕೆಲವು ಸ್ಥಿರಚಿತ್ರ, ಪ್ರಚಾರದ ಕಾಗದಗಳು ಮಾತ್ರ.

ಇದಕ್ಕೆ ಕಾರಣವೂ ತಿಳಿಯಬೇಕಾದದ್ದೇ. ಆ ಕಾಲದ ಫಿಲ್ಮ್ ಸುರುಳಿಗಳು ನೈಟ್ರೇಟ್ ಎಂಬ ರಾಸಾಯನಿಕದಿಂದ ಆದವು. ಸೆಕೆ, ತೇವಗಳಿಗೆ ಅವು ತಾವೇ ಕೊಳೆತು ಅಂಟಂಟಾಗಿ ಕೊನೆಗೆ ಪುಡಿಯಾಗುತ್ತವೆ. ಕಿಡಿ ತಗುಲಿದರೆ ಭಗ್ಗನೆ ಉರಿಯುತ್ತವೆ. ಪ್ರದರ್ಶನ ಮುಗಿದ ಸುರುಳಿಗಳನ್ನು ಇಟ್ಟುಕೊಳ್ಳುವುದು ಗೋದಾಮಿಗೆ ಅಪಾಯ, ಮಾಲೀಕನಿಗೆ ಖರ್ಚು. ಅದರಲ್ಲಿನ ಬೆಳ್ಳಿಯ ಅಂಶಕ್ಕಾಗಿ ಸುರುಳಿಗಳನ್ನು ಕರಗಿಸುವವರಿಗೆ ಮಾರಿಬಿಡುವುದು ಲಾಭ. ಸರ್ಕಾರ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ತೆರೆದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ದೇಶದ ಮೂಕಿಚಿತ್ರಗಳೂ ಮೊದಲ ವಾಕ್ಚಿತ್ರಗಳೂ ಬಹುಪಾಲು ಕೈಬಿಟ್ಟು ಹೋಗಿದ್ದವು. ಆ ಸುರುಳಿಗಳನ್ನು ಯಾರೂ ಹಗೆತನದಿಂದ ನಾಶ ಮಾಡಲಿಲ್ಲ. ಹಳತಾಯಿತೆಂದು ಹೊರಗಿಟ್ಟರು, ಅಷ್ಟೆ.

ನಾಟಕ ಕಂಪನಿಗಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲಕನಾಗಿ ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಆನೆ ಕುದುರೆಗಳನ್ನು ರಂಗಕ್ಕೆ ತಂದು, 'ನಾಟಕ ರತ್ನ'ರೆನಿಸಿ 1972ರಲ್ಲಿ ತೀರಿಕೊಂಡರು. 'ಕಲೆಯೇ ಕಾಯಕ' ಎಂಬ ಆತ್ಮಕಥೆ ಅವರದು. ಅವರ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿಯಿದೆ. ಆದರೆ ಅವರ ನಿಜವಾದ ಸ್ಮಾರಕ ಆ ಕಂಪನಿಯ ಅನ್ನ ಉಂಡು ಬೆಳೆದವರು: ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್. ಹುಡುಗನಾಗಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಓದಲೆಂದು ಕಾಶಿಗೆ ಕಳಿಸಿದ್ದೂ ವೀರಣ್ಣನವರೇ. ಅದೇ ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಂಡ ಬಗೆ ಇದು.

ಹಾಗಿದ್ದರೂ ಅದೇ ರಂಗದ ಮೇಲೆ ದುಡಿದ ನೂರಾರು ಜನರ ಹೆಸರು ಎಲ್ಲಿಯೂ ಇಲ್ಲ. ಕಾಲು ಹಾರ್ಮೋನಿಯಂ ನುಡಿಸಿದವರು, ಪರದೆ ಬರೆದವರು, ಮರೆಯಲ್ಲಿ ನಿಂತು ಮಾತು ಹೇಳಿಕೊಟ್ಟವರು, ಸಣ್ಣ ಪಾತ್ರಗಳ ನಟಿಯರು ಮಾಲೀಕನ ಲೆಕ್ಕದ ಪುಸ್ತಕದಲ್ಲಷ್ಟೇ ಬದುಕಿದ್ದರು. ಆ ಪುಸ್ತಕ ರದ್ದಿಗೆ ಹೋದ ದಿನ ಅವರು ಎರಡನೆಯ ಸಲ ಸತ್ತರು.

ಹೆಸರಿಟ್ಟರೆ ಸಾಲದು

ಕಟ್ಟಡಗಳೆಲ್ಲ ವ್ಯರ್ಥ ಎಂದು ಇದರ ಅರ್ಥವಲ್ಲ. ಕಟ್ಟಡ ಬಳಕೆಯಲ್ಲಿದ್ದರೆ ಅದೂ ಜಂಗಮವೇ. ಪಿಟೀಲು ವಿದ್ವಾನ್ ಟಿ. ಚೌಡಯ್ಯನವರನ್ನು ನೋಡಿ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಮಾಮೂಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದವರು ಅವರು. 1967ರಲ್ಲಿ ಅವರು ತೀರಿಕೊಂಡರು. ಮೈಕು ಬಂದ ಮೇಲೆ ಏಳು ತಂತಿಯ ಅಗತ್ಯವೂ ಕಡಿಮೆಯಾಯಿತು. ಅದನ್ನು ನುಡಿಸುವವರೂ ವಿರಳರಾದರು. ಆದರೆ 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಎದ್ದ ಚೌಡಯ್ಯ ಸ್ಮಾರಕ ಭವನ, ಸಂಗೀತ ನಾಟಕಗಳ ನೆಲೆಯಾಗಿ ಅವರ ಹೆಸರನ್ನು ಊರಿನವರ ದಿನನಿತ್ಯದ ಮಾತಿಗೆ ಸೇರಿಸಿತು. ಧಾರವಾಡದಲ್ಲಿ 1992ರಲ್ಲಿ ಅಗಲಿದ ಮಲ್ಲಿಕಾರ್ಜುನ ಮನ್ಸೂರರ ಮನೆಯ ಹೆಸರು 'ಮೃತ್ಯುಂಜಯ'. ಆ ಮನೆ ಈಗ ಅವರ ಸ್ಮಾರಕ. 2014ರಲ್ಲಿ ಅಂಚೆ ಇಲಾಖೆ ಹೊರತಂದ ಎಂಟು ಸಂಗೀತಗಾರರ ಅಂಚೆಚೀಟಿಗಳಲ್ಲಿ ಧಾರವಾಡ ಸೀಮೆಯ ಮನ್ಸೂರ್, ಗಂಗೂಬಾಯಿ, ಭೀಮಸೇನ ಜೋಶಿ, ಕುಮಾರ ಗಂಧರ್ವ ನಾಲ್ವರೂ ಇದ್ದರು. ಎಂಟರಲ್ಲಿ ನಾಲ್ಕು! ಹೆಮ್ಮೆಯ ಸಂಗತಿಯೇ. ಆದರೆ ಅಂಚೆಚೀಟಿ ಹಾಡುವುದಿಲ್ಲ. ಅವರ ಹಾಡು ಮುಂದಿನವರ ಕಂಠದಲ್ಲಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು. ಅವರ ನೆನಪು ಎರಡು ದಾರಿಯಲ್ಲಿ ಸಾಗಿತು. ಒಂದು, ಯಾವ ಸಮಿತಿಯ ತೀರ್ಮಾನವೂ ಇಲ್ಲದೆ ಆಟೋರಿಕ್ಷಾಗಳ ಬೆನ್ನೇರಿದ ಚಿತ್ರ. 1980ರ 'ಆಟೋರಾಜ'ನನ್ನು ಚಾಲಕರು ತಮ್ಮವನನ್ನಾಗಿ ಮಾಡಿಕೊಂಡುಬಿಟ್ಟರು. ಇನ್ನೊಂದು, ಪತ್ನಿ ಅರುಂಧತಿ ನಾಗ್ ಅವರ ಹದಿನಾಲ್ಕು ವರ್ಷಗಳ ದುಡಿಮೆ. ಅದು 2004ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರವಾಗಿ ತೆರೆದುಕೊಂಡಿತು. ನಾಟಕಕ್ಕೆಂದೇ ಕಟ್ಟಿದ ಮಂದಿರ. ವೇಳೆ ಮೀರಿ ಬಂದವರಿಗೆ ಒಳಗೆ ಪ್ರವೇಶವಿಲ್ಲವೆಂಬ ಶಿಸ್ತು. ಶಂಕರ್ ನಾಗ್ ಹುಟ್ಟುವ ಮೊದಲೇ ಇದ್ದ ಕನ್ನಡ ನಾಟಕಕ್ಕೆ ಅವರು ಹೋದ ಮೇಲೂ ಒಂದು ಮನೆ ಸಿಕ್ಕಿತು. ಅಲ್ಲಿ ಮೊದಲ ಸಲ ನಾಟಕ ನೋಡುವ ಮಗುವಿಗೆ ಅವರ ಮುಖ ಗೊತ್ತಿಲ್ಲದಿರಬಹುದು. ಕೊರತೆಯೇನೂ ಇಲ್ಲ.

ದುಃಖದ ದಾರಿ

ಕೊನೆಗೆ, ಮೊದಲ ಮೂರು ದಿನಗಳ ವಿಷಯಕ್ಕೆ ಬರಬೇಕು. ದುಃಖ ದಾರಿ ತಪ್ಪಿದರೆ ಏನಾಗುತ್ತದೆಂಬುದನ್ನು ಬೆಂಗಳೂರು ಕಂಡಿದೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ನಗರದಲ್ಲಿ ನಡೆದ ಹಿಂಸಾಚಾರದಲ್ಲಿ ಎಂಟು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರು ಕರ್ತವ್ಯದಲ್ಲಿದ್ದ ಪೊಲೀಸ್ ಪೇದೆ. ಅಭಿಮಾನಿಗಳನ್ನು ದೇವರೆಂದು ಕರೆದ ಸೌಮ್ಯ ಸ್ವಭಾವದ ನಟನೊಬ್ಬನ ಅಗಲಿಕೆಗೆ ಇದು ತಕ್ಕ ಕಾಣಿಕೆಯಾಗಿರಲಿಲ್ಲ.

ಅದೇ ರಾಜ್‌ಕುಮಾರ್ ಇನ್ನೊಂದು ದಾರಿಯನ್ನೂ ತೋರಿಸಿ ಹೋಗಿದ್ದರು. 1994ರಲ್ಲಿ ಅವರ ಹೆಸರಿನ ನೇತ್ರಭಂಡಾರ ಆರಂಭವಾಗಿತ್ತು. ತೀರಿಕೊಂಡ ದಿನ ಅವರ ಕಣ್ಣುಗಳ ದಾನವಾಯಿತು. 2009ರಲ್ಲಿ ತೀರಿಕೊಂಡ ಗಂಗೂಬಾಯಿ ಹಾನಗಲ್ ಕೂಡ ಕಣ್ಣುಗಳನ್ನು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ಅಗಲಿದಾಗ ಲಕ್ಷಾಂತರ ಜನ ನೆರೆದರೂ ನಗರ ಹದಿನೈದು ವರ್ಷಗಳ ಹಿಂದಿನಂತೆ ಹೊತ್ತಿ ಉರಿಯಲಿಲ್ಲ. ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು. ಮುಂದಿನ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರು ಸಾವಿರಾರು. ಕಲ್ಲು ಬೇಡದ, ಫಲಕ ಬೇಡದ ಸ್ಮಾರಕ ಇದು.

ಇಷ್ಟು ಉದಾಹರಣೆಗಳಿಂದ ತಿಳಿಯುವುದಿಷ್ಟು. ಕಲಾವಿದನ ನೆನಪನ್ನು ಕಾಲ ಉಳಿಸುವುದಿಲ್ಲ, ಅವನ ದೊಡ್ಡತನವೂ ಉಳಿಸುವುದಿಲ್ಲ. ಉಳಿಸುವವರು ಬದುಕಿರುವವರು. ನಾಗರತ್ನಮ್ಮನಂತೆ ಆಸ್ತಿ ಬರೆದುಕೊಡಲು, ಭೀಮಸೇನ ಜೋಶಿಯವರಂತೆ ಉತ್ಸವ ಕಟ್ಟಲು ಎಲ್ಲರಿಂದಾಗದು. ಆದರೆ ಆ ಗುಮಾಸ್ತನ ಕೆಲಸ ಎಲ್ಲರಿಂದಲೂ ಆದೀತು. ಅಟ್ಟದ ಮೇಲೆ ಹಳೆಯ ನಾಟಕದ ಕೈಬರಹವಿದ್ದರೆ, ಊರ ಜಾತ್ರೆಯ ನಾಟಕದ ಕರಪತ್ರವಿದ್ದರೆ ಅದನ್ನು ರದ್ದಿಗೆ ಹಾಕದಿರಬಹುದು. ಹಾಡುವ ಅಜ್ಜಿಯ, ಭಾಗವತಿಕೆ ಮಾಡುತ್ತಿದ್ದ ಅಜ್ಜನ ಧ್ವನಿ ಕ್ಯಾಸೆಟ್ಟಿನಲ್ಲಿದ್ದರೆ ಸುರುಳಿ ಅಂಟಿಕೊಳ್ಳುವ ಮೊದಲೇ ಅದಕ್ಕೊಂದು ಹೊಸ ಪ್ರತಿ ಮಾಡಿಸಬಹುದು. ಕಂಪನಿಯ ಗುಂಪು ಚಿತ್ರವಿದ್ದರೆ, ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಕೇಳಿ, ಪ್ರತಿಯೊಬ್ಬರ ಹೆಸರು, ಊರು, ವರ್ಷಗಳನ್ನು ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಬಹುದು.

ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳಿ ಹೋದರು. ಹಾಗೆ ಹೇಳಲು ಅವಕಾಶವಾಗದೆ ಹೋದವರ ಹೆಸರನ್ನು ಬಲ್ಲವರು ಬರೆದಿಡಬೇಕಾಗಿದೆ, ಬಲ್ಲವರು ಇರುವಾಗಲೇ.